ಊಟ, ವೈನ್ ಎರಡೂ ಬೇಕಾದರೆ ದಿಜೋನ್‌ಗೆ ಹೋಗಿ

ಪ್ಯಾರಿಸ್ ಮುಗಿಸಿದ ಮೇಲೆ ಎರಡು ದಿನ ಉಳಿಯುತ್ತೆ, ಹಳೇ ಊರಾಗಿರಬೇಕು, ಊಟವೂ ಆ ಭಾಗದ ವೈನೂ ಚೆನ್ನಾಗಿರಬೇಕು, ಆದರೆ ಮನೆಯವರು ಮಾಂಸ ತಿನ್ನಲ್ಲ ಅಂತ ಕೇಳಿದ್ದೀರಿ. ಹೆಚ್ಚಿನವರು ಲಿಯೋನ್ ಅನ್ನುತ್ತಾರೆ. ನನ್ನ ಓಟು ಪೂರ್ವ ಫ್ರಾನ್ಸ್‌ನ ಬರ್ಗಂಡಿ ಸೀಮೆಯ ದಿಜೋನ್‌ಗೆ. ಪ್ಯಾರಿಸ್‌ನಿಂದ ಟಿಜಿವಿ ಎಂಬ ವೇಗದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಬರ್ಗಂಡಿಯ ಡ್ಯೂಕರು ಆಳಿದ ಹಳೇ ಪೇಟೆಯನ್ನು ನಡೆದೇ ಸುತ್ತಬಹುದು.

ಶುಕ್ರವಾರ ಇಲ್ಲವೇ ಶನಿವಾರ ಬೆಳಿಗ್ಗೆ ಅಲ್ಲಿರುವ ಹಾಗೆ ಟಿಕೆಟ್ ಮಾಡಿಸಿ. ಆ ಹೊತ್ತಿಗೆ 'ಲೆ ಆಲ್' ಎಂಬ ಕಬ್ಬಿಣದ ಚಾವಣಿಯ ಮಾರ್ಕೆಟ್ ತೆರೆದಿರುತ್ತೆ. ಭಾನುವಾರ, ಸೋಮವಾರ ಎಷ್ಟೋ ಹೋಟೆಲ್‌ಗಳು ಬಾಗಿಲು ಹಾಕಿರುತ್ತವೆ. ಮಧ್ಯಾಹ್ನ ಎರಡು ದಾಟಿತೋ, ರಾತ್ರಿ ಏಳರವರೆಗೆ ಅಡುಗೆಮನೆ ಬಂದ್. ದುಡ್ಡು ಉಳಿಸಬೇಕಾದರೆ ಮಧ್ಯಾಹ್ನದ ಸೆಟ್ ಮೆನುವನ್ನೇ ದೊಡ್ಡ ಊಟ ಮಾಡಿಕೊಳ್ಳಿ. ನೀರಿಗೆ 'ಕರಾಫ್ ದೋ' ಅನ್ನಿ, ನಲ್ಲಿನೀರು ಬಿಟ್ಟಿ ಸಿಗುತ್ತೆ.

ಇನ್ನು ಮನೆಯವರ ವಿಷಯ. 'ಎಫ್ ಆಂ ಮ್ಯೂರೆತ್' ಅಂದರೆ ಕೆಂಪು ವೈನ್ ಸಾಸ್‌ನಲ್ಲಿ ಮೊಟ್ಟೆ. ಮೊಟ್ಟೆ ತಾನೇ ಅಂತ ಆರ್ಡರ್ ಮಾಡಬೇಡಿ, ಆ ಸಾಸ್‌ಗೆ ಹಂದಿಮಾಂಸದ ಚೂರು ಬಿದ್ದಿರುತ್ತೆ. ಚೀಸ್ ಹಾಕಿ ಉಬ್ಬಿಸಿ ಬೇಯಿಸಿದ 'ಗೂಜೇರ್', ಜೇನಿನ ಮಸಾಲೆ ಕೇಕ್ 'ಪ್ಯಾಂ ದೆಪೀಸ್' ತಿನ್ನಬಹುದು. ಎಪ್ವಾಸ್ ಚೀಸ್‌ನ ವಾಸನೆ ನಿಮ್ಮನ್ನು ಬೆದರಿಸುತ್ತೆ, ರುಚಿ ಗೆಲ್ಲುತ್ತೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳಾದರೆ ಒಂದು ಮಾತು: ಅಲ್ಲಿನ ಹಳೇ ಬಗೆಯ ಎಷ್ಟೋ ಚೀಸ್‌ಗಳನ್ನು ಹೆಪ್ಪುಗಟ್ಟಿಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್‌ನಿಂದ.

ಈ ಊರಿಗೆ ಹೆಸರು ತಂದ ಸಾಸಿವೆ ಪೇಸ್ಟ್ ಬಿಡಬೇಡಿ. ಮಲೆನಾಡಿನ ಹಸಿ ಸಾಸಿವೆ ಅರೆದ ಪಚಡಿ ಉಂಡವರಿಗೆ ಮೂಗಿಗೇರುವ ಆ ಘಾಟು ಹೊಸದಲ್ಲ. 1856ರಲ್ಲಿ ಜ್ಯಾಂ ನೆಜೋಂ ಎಂಬಾತ ವಿನಿಗರ್ ಬದಲು ಕಾಯಿದ್ರಾಕ್ಷಿಯ ಹುಳಿರಸ ಹಾಕಿದ ಮೇಲೆ ಅದಕ್ಕೆ ಈಗಿನ ರುಚಿ ಬಂತಂತೆ. (ಕಾಳು ಬಹುಕಾಲ ಹೆಚ್ಚಾಗಿ ಕೆನಡಾದಿಂದಲೇ ಬರುತ್ತಿತ್ತು, ಅದು ಬೇರೆ ಮಾತು.)

ವೈನ್‌ಗೆ ಬಂದರೆ, ಲೇಬಲ್ ಮೇಲೆ ಸಾಮಾನ್ಯವಾಗಿ ದ್ರಾಕ್ಷಿ ತಳಿಯ ಹೆಸರಿರಲ್ಲ, ಊರಿನ ಹೆಸರಿರುತ್ತೆ. ಕೆಂಪು ಅಂದರೆ ಹೆಚ್ಚೂಕಡಿಮೆ ಪಿನೋ ನ್ವಾರ್, ಬಿಳಿ ಅಂದರೆ ಶಾರ್ದೊನೆ. 'ಗ್ರಾಂ ಕ್ರೂ' ಎಂಬ ಮೇಲ್ದರ್ಜೆಯ ತೋಟಗಳ ವೈನ್ ಹಿಂದೆ ಓಡಬೇಡಿ. ಒಟ್ಟು ಉತ್ಪಾದನೆಯಲ್ಲಿ ಅದು ಶೇ 1ರ ಆಸುಪಾಸು, ಬೆಲೆಯೂ ಅದಕ್ಕೆ ತಕ್ಕ ಹಾಗೆ ಜಾಸ್ತಿ. ಮಾರ್ಸನೆ, ಫಿಕ್ಸ್ಯಾಂ ಊರುಗಳ ಕೆಂಪು ವೈನ್ ಒಂದೊಂದು ಲೋಟ ತರಿಸಿ. ಅಲಿಗೋತೆ ಎಂಬ ಹುಳಿಚ್ಚು ಬಿಳಿ ವೈನ್ ನನಗೆ ಇನ್ನೂ ಇಷ್ಟ. ಅದಕ್ಕೆ ಕಸ್ಸಿಸ್ (ಬ್ಲ್ಯಾಕ್‌ಕರಂಟ್) ಹಣ್ಣಿನ ಸಿಹಿ ಮದ್ಯ ಬೆರೆಸಿದರೆ 'ಕೀರ್'. 1945ರಿಂದ 1968ರವರೆಗೆ ಇಲ್ಲಿ ಮೇಯರ್ ಆಗಿದ್ದ ಪಾದ್ರಿ ಫೆಲಿಕ್ಸ್ ಕೀರ್ ಹೆಸರೇ ಅದಕ್ಕೆ ಅಂಟಿಕೊಂಡಿದೆ.

ಎರಡನೇ ದಿನ ಬೋನ್ ಊರಿಗೆ ಹೋಗಿ, ರೈಲಿನಲ್ಲಿ ಅರ್ಧ ಗಂಟೆಯೂ ಬೇಡ. ಬಲಗಡೆ ಕಿಟಕಿ ಹಿಡಿಯಿರಿ, ಶಾಂಬರ್ತ್ಯಾಂ, ರೊಮಾನೆ ಎಂಬ ಹೆಸರಾಂತ ದ್ರಾಕ್ಷಿ ತೋಟಗಳ ಇಳಿಜಾರು ಆ ಕಡೆಗಿದೆ. ಬೋನ್‌ನಲ್ಲಿ 1443ರಲ್ಲಿ ಬಡವರಿಗಾಗಿ ಸ್ಥಾಪಿಸಿದ, ಬಣ್ಣದ ಹೆಂಚಿನ ಆಸ್ಪತ್ರೆ ನೋಡಿ. ಆಮೇಲೆ ಯಾವುದಾದರೂ ನೆಲಮಾಳಿಗೆಯಲ್ಲಿ ವೈನ್ ರುಚಿ ನೋಡಬಹುದು. ನವೆಂಬರ್ ಮೂರನೇ ಭಾನುವಾರ ಅಲ್ಲಿ ವೈನ್ ಹರಾಜು ನಡೆಯುತ್ತೆ. ಆ ವಾರ ರೂಮು ಸಿಗೋದು ಕಷ್ಟ, ಬೇರೆ ತಾರೀಖು ಇಟ್ಟುಕೊಳ್ಳಿ.