ಹುತ್ತದ ಮೇಲಿನ ಅಣಬೆ ಗಿಡವೋ, ಪ್ರಾಣಿಯೋ?

ಪ್ರಶ್ನೆ: ಹುತ್ತದ ಮೇಲೆ ಏಳುವ ಅಣಬೆಯನ್ನು ನಾವು ತರಕಾರಿ ಎಂದೇ ತಿನ್ನುತ್ತೇವೆ. ಅದು ಗಿಡವಲ್ಲ ಎಂದು ಏಳನೇ ತರಗತಿಯ ಮಗಳ ವಾದ. ತನ್ನ ಆಹಾರ ತಾನೇ ತಯಾರಿಸಿಕೊಳ್ಳದಿದ್ದರೆ ಅದು ಪ್ರಾಣಿಯೇ ಆಗಬೇಕಲ್ಲವೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮಗಳ ಮಾತು ಸರಿ. 1735ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಜೀವಿಗಳನ್ನು ಸಸ್ಯ, ಪ್ರಾಣಿ ಎಂದು ಎರಡೇ ಪಾಲು ಮಾಡಿದ್ದರಿಂದ ಅಣಬೆ ಗಿಡಗಳ ಸಾಲಿಗೆ ಸೇರಿತ್ತು. 1969ರಲ್ಲಿ ಅಮೆರಿಕದ ವಿಜ್ಞಾನಿ ವಿಟೇಕರ್ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ, ಅಂದರೆ ಐದು ದೊಡ್ಡ ಗುಂಪುಗಳಾಗಿ, ವಿಂಗಡಿಸಿದಾಗ ಅಣಬೆ, ಬೂಷ್ಟುಗಳು ಸೇರಿದ ಶಿಲೀಂಧ್ರಗಳಿಗೆ ಸ್ವಂತ ಜಾಗ ಸಿಕ್ಕಿತು. ಹಾಗೆಂದು ಅಣಬೆ ಪ್ರಾಣಿಯೂ ಅಲ್ಲ.

ಯಾಕೆ ಎಂಬುದು ನಿಮ್ಮ ಹುತ್ತದೊಳಗೇ ಇದೆ. ಅಣಬೆಯನ್ನು ಮೆಲ್ಲಗೆ ಕಿತ್ತರೆ ಬುಡದಲ್ಲಿ ಉದ್ದನೆಯ ಬಾಲ ಬರುತ್ತದೆ. ಅದು ಬೇರಲ್ಲ, ಕೆಳಗೆ ಗೆದ್ದಲು ಕಟ್ಟಿದ ಸ್ಪಂಜಿನಂಥ ಗೂಡಿನವರೆಗೆ ಇಳಿದಿರುತ್ತದೆ. ಗೆದ್ದಲು ತರಗೆಲೆ, ಕಟ್ಟಿಗೆಯನ್ನು ಅಗಿದು ನುಂಗಿ, ಅರೆಜೀರ್ಣವಾದ ಹಿಕ್ಕೆಯಿಂದ ಆ ಗೂಡು ಕಟ್ಟುತ್ತದೆ. ಅದರ ಮೇಲೆ ಬೆಳೆಯುವ ಶಿಲೀಂಧ್ರಕ್ಕೆ ಬಾಯಿಲ್ಲ, ಹೊಟ್ಟೆಯಿಲ್ಲ. ಆಹಾರ ಕರಗಿಸುವ ಕಿಣ್ವಗಳನ್ನು ಹೊರಗೇ ಸುರಿಸಿ, ಕಟ್ಟಿಗೆಯ ನಾರನ್ನು ಅಲ್ಲೇ ಕರಗಿಸಿ, ರಸವನ್ನು ಹೀರುತ್ತದೆ. ಹಾಗೆ ಹದವಾದ ಗೂಡನ್ನೂ ಶಿಲೀಂಧ್ರದ ಬಿಳಿ ಗಂಟುಗಳನ್ನೂ ಗೆದ್ದಲು ತಿನ್ನುತ್ತದೆ. ಜೀರ್ಣಿಸಿ ಹೀರುವುದು ಶಿಲೀಂಧ್ರದ ಕ್ರಮ, ನುಂಗಿ ಜೀರ್ಣಿಸುವುದು ಪ್ರಾಣಿಯ ಕ್ರಮ. ಎಷ್ಟು ಚೆಂದದ ಪಾಲುದಾರಿಕೆ ನೋಡಿ!

ಆದರೆ ಲಾಡಿಹುಳುವಿಗೂ ಬಾಯಿ, ಕರುಳು ಇಲ್ಲ, ಮೈಯಿಂದಲೇ ಹೀರುತ್ತದೆ. ಆದರೂ ಅದು ಪ್ರಾಣಿ. ಆದ್ದರಿಂದ ಜೀವಕೋಶವನ್ನೂ ನೋಡಬೇಕು. ಗಿಡದ ಕೋಶಕ್ಕೆ ಸೆಲ್ಯುಲೋಸ್ ಎಂಬ ನಾರಿನ ಗೋಡೆ, ಅಣಬೆಯದಕ್ಕೆ ಕೈಟಿನ್ ಎಂಬ ಗಟ್ಟಿ ವಸ್ತುವಿನ ಗೋಡೆ. ಪ್ರಾಣಿಕೋಶಕ್ಕೆ ಗೋಡೆಯೇ ಇಲ್ಲ, ತೆಳು ಪೊರೆ ಮಾತ್ರ. ಗೆದ್ದಲಿನಲ್ಲೂ ಕೈಟಿನ್ ಇದೆ, ಆದರೆ ಅದು ಮೈಮೇಲಿನ ಕವಚ. ಗಟ್ಟಿ ಗೋಡೆಯ ಬಿಗಿತ ಇಲ್ಲದ್ದರಿಂದಲೇ ನಮ್ಮ ಸ್ನಾಯುಕೋಶ ಕುಗ್ಗಿ ಹಿಗ್ಗಬಲ್ಲದು. ಕೋಶಗಳನ್ನು ಹಿಡಿದಿಡಲು ಪ್ರಾಣಿಗಳಲ್ಲಿ ಕೊಲ್ಯಾಜೆನ್ ಎಂಬ ಪ್ರೋಟೀನು ಇರುತ್ತದೆ. ಸಮುದ್ರತಳದಲ್ಲಿ ಕದಲದೆ ಕೂತಿರುವ ಸ್ಪಂಜಿನಲ್ಲೂ ಅದಿದೆ, ಸ್ಪಂಜು ಪ್ರಾಣಿಯೇ.

ಚಲನೆಯನ್ನು ಮಾತ್ರ ನಂಬಬೇಡಿ. ಮುಟ್ಟಿದರೆ ಮುನಿ ಎಲೆ ಮಡಚುವುದು ಬುಡದ ಕೋಶಗಳಿಂದ ನೀರು ಹೊರಹೋಗಿ. ಅಲ್ಲಿ ಸ್ನಾಯುವೂ ಇಲ್ಲ, ನರವೂ ಇಲ್ಲ.

ಮಗಳಿಗೆ ಇದನ್ನೂ ಹೇಳಿ: ಡಿಎನ್ಎ ಹೋಲಿಸಿದರೆ ಅಣಬೆ ಗಿಡಕ್ಕಿಂತ ನಮಗೇ ಹತ್ತಿರದ ನೆಂಟ. ದೇಹದೊಳಗೆ ಹಬ್ಬಿದ ಶಿಲೀಂಧ್ರ ಸೋಂಕಿಗೆ ಮದ್ದು ಹುಡುಕುವುದು ಕಷ್ಟವಾಗಿರುವುದಕ್ಕೆ ಈ ನೆಂಟಸ್ತಿಕೆಯೂ ಒಂದು ಕಾರಣ: ಅದನ್ನು ಕೊಲ್ಲುವ ಔಷಧಿ ನಮ್ಮ ಕೋಶಕ್ಕೂ ತಗುಲಬಹುದು.