ತೋಳು ಆಮೇಲೆ, ಮೊದಲು ಕಾಲು ನೋಡಿ

ಪ್ರಶ್ನೆ: ನಾನು ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಅಮೆರಿಕದಲ್ಲಿರುವ ದೊಡ್ಡಪ್ಪನ ಮಗ ನನಗೆ ಅಲ್ಲಿನ, ಕೈಯಲ್ಲಿ ಚೆಂಡು ಹಿಡಿದು ಆಡುವ ಫುಟ್‌ಬಾಲ್ ಹುಚ್ಚು ಹಿಡಿಸಿದ್ದಾನೆ. ಏಪ್ರಿಲ್‌ನಲ್ಲಿ ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಡ್ರಾಫ್ಟ್‌ನಲ್ಲಿ, ಅಂದರೆ ಸರದಿ ಪ್ರಕಾರ, ಕಾಲೇಜ್ ಹುಡುಗರನ್ನು ಆರಿಸುವ ಹೊತ್ತಿಗೆ ನಮ್ಮಿಬ್ಬರಿಗೂ ಜಗಳ. ಚೆಂಡು ಎಸೆದು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್‌ಗೆ ಎತ್ತರ, ತೋಳಿನ ಬಲ ಮುಖ್ಯ ಅಂತಾನೆ ಅಣ್ಣ. ಅಂಕಿ ಅಂಶ ಸಾಕು ಅಂತೀನಿ ನಾನು. ಯಾರು ಸರಿ?
– ಒಬ್ಬ ಓದುಗ, ಹಾಸನ

ಉತ್ತರ: ಇಬ್ಬರದೂ ಅರ್ಧರ್ಧ ಸರಿ. ನಾನು ಮೊದಲು ನೋಡುವುದು ಹುಡುಗನ ಕಾಲು.

ಥರ್ಡ್ ಡೌನ್ (10 ಗಜ ಮುಂದೆ ಹೋಗಲು ಸಿಗುವ ನಾಲ್ಕು ಅವಕಾಶಗಳಲ್ಲಿ ಮೂರನೆಯದು), ಇನ್ನೂ 8 ಗಜ ಬೇಕು ಅನ್ನುವಾಗ ಗಮನಿಸಿ. ಎದುರಾಳಿಗಳು ನುಗ್ಗುತ್ತಿದ್ದಾರೆ, ಕ್ವಾರ್ಟರ್‌ಬ್ಯಾಕ್ ನಂಬಿದ್ದ ಮೊದಲ ರಿಸೀವರ್‌ಗೆ (ಚೆಂಡು ಹಿಡಿಯುವವನಿಗೆ) ಕಾವಲು ಬಿದ್ದಿದೆ. ಕಚ್ಚಾ ಹುಡುಗನ ಕಣ್ಣು ತಕ್ಷಣ ನುಗ್ಗುವವರ ಮೇಲೆ ಬೀಳುತ್ತದೆ, ಓಡಿಬಿಡುತ್ತಾನೆ. ಪಳಗಿದವನು ಅರ್ಧ ಹೆಜ್ಜೆ ಮುಂದಿಟ್ಟು, ಕಣ್ಣು ದೂರದಲ್ಲೇ ಇಟ್ಟು, ಎರಡನೆಯವನನ್ನು ನೋಡುತ್ತಾನೆ, ಆಮೇಲೆ ಮೂರನೆಯವನನ್ನು, ಮತ್ತೆ ಕಣ್ಣು ಹೋದ ಕಡೆಗೇ ಪಾದವೂ ತಿರುಗುತ್ತಿರುತ್ತದೆ. ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿ, ಚೆನ್ನಾಗಿ ಕಾಣುತ್ತದೆ.

ನಮ್ಮ ಕಡೆ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ಆದರೂ ನೊಗ ಹೂಡಿ ನಡೆಸಿ ನೋಡದೆ ದುಡ್ಡು ಬಿಚ್ಚುವುದಿಲ್ಲ ಅಲ್ವಾ? ಡ್ರಾಫ್ಟ್‌ಗೆ ಮುಂಚೆ ಹುಡುಗರ ಓಟ, ಎಸೆತ ಅಳೆಯಲು ಇಂಡಿಯಾನಾಪೊಲಿಸ್‌ನಲ್ಲಿ ನಡೆಯುವ ಕಂಬೈನ್ ಪರೀಕ್ಷೆ ಬರೀ ಹಲ್ಲು, ಸುಳಿ ನೋಡುವ ಕೆಲಸ. ಅಲ್ಲಿ ಮೈಮೇಲೆ ಬೀಳುವವರೇ ಇರುವುದಿಲ್ಲ. ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಅಲ್ಲಿ 40 ಗಜ ಓಡಲು 5.28 ಸೆಕೆಂಡ್ ತೆಗೆದುಕೊಂಡಿದ್ದ, ಬಲು ನಿಧಾನ. 2000ರ ಡ್ರಾಫ್ಟ್‌ನಲ್ಲಿ 199ನೆಯವನಾಗಿ ಹೋದ, 7 ಸೂಪರ್ ಬೌಲ್ (ಲೀಗ್‌ನ ಫೈನಲ್) ಗೆದ್ದ. ಭಾರೀ ತೋಳಿನ ಜಮಾರ್ಕಸ್ ರಸೆಲ್ 2007ರಲ್ಲಿ ಮೊದಲಿಗನಾಗಿ ಆಯ್ಕೆಯಾಗಿ ಮೂರೇ ಸೀಸನ್ ಆಡಿದ.

ಇನ್ನು ನಿಮ್ಮ ಅಂಕಿ ಅಂಶ. ಹತ್ತಿರದಲ್ಲೇ ನಿಂತಿದ್ದ ರಿಸೀವರ್‌ಗೆ ಸುಮ್ನೆ ಚೆಂಡು ಎಸೆದು, ಅವನು 30 ಗಜ ಓಡಿದರೂ ಆ 30 ಗಜ ಕ್ವಾರ್ಟರ್‌ಬ್ಯಾಕ್ ಲೆಕ್ಕಕ್ಕೇ ಸೇರುತ್ತದೆ. ಬಲವಾದ ಕಾಲೇಜ್ ತಂಡದಲ್ಲಿ ಎಸೆಯುವುದಕ್ಕೆ ಸಮಯವೂ ಜಾಸ್ತಿ ಸಿಗುತ್ತದೆ. ಹಾಗಾಗಿ ಎಷ್ಟು ಪಂದ್ಯ ಆಡಿದ್ದಾನೆ ಅಂತಲೂ ಕೇಳಿ. 2017ರಲ್ಲಿ 2ನೆಯವನಾಗಿ ಹೋದ ಮಿಚೆಲ್ ಟ್ರುಬಿಸ್ಕಿ ಕಾಲೇಜ್‌ನಲ್ಲಿ ಪಂದ್ಯದ ಶುರುವಿನಿಂದಲೇ ಕಣಕ್ಕಿಳಿದದ್ದು 13 ಪಂದ್ಯಗಳಲ್ಲಿ ಮಾತ್ರ. ಆಮೇಲೆ ಅವನಿಗಿಂತ ಬಹಳ ಮುಂದೆ ಹೋದ ಪ್ಯಾಟ್ರಿಕ್ ಮಹೋಮ್ಸ್ ಅದೇ ವರ್ಷ 10ನೆಯವನು.

ನನ್ನ ಲೆಕ್ಕ ತಪ್ಪಿದ್ದು ಜೋಶ್ ಆಲನ್ ವಿಷಯದಲ್ಲಿ. ವಯೋಮಿಂಗ್ ಕಾಲೇಜ್ ತಂಡದಲ್ಲಿ ಅವನ ಎಸೆತಗಳಲ್ಲಿ ಶೇ 56ರಷ್ಟು ಮಾತ್ರ ಗುರಿ ಮುಟ್ಟುತ್ತಿದ್ದವು, ಕಾಲೂ ಒಂದು ಕಡೆ ನಿಲ್ಲುತ್ತಿರಲಿಲ್ಲ. ಇವನು ಆಗಲ್ಲ ಅಂದುಕೊಂಡಿದ್ದೆ. ಎನ್‌ಎಫ್‌ಎಲ್‌ನ ಬಫಲೋ ತಂಡ ಅವನಿಗೆ ಸಮಯ ಕೊಟ್ಟಿತು, ಆ ಕಾಲನ್ನೇ ತಿದ್ದಿತು, 2020ರ ಹೊತ್ತಿಗೆ ಶೇ 69 ದಾಟಿದ. ತೋಳಿನ ಬಲ ಮೊದಲೇ ಇದ್ದದ್ದರಿಂದ ತಿದ್ದಿದ್ದು ಫಲ ಕೊಟ್ಟಿತು. ಇಲ್ಲಿ ನಿಮ್ಮಣ್ಣ ಗೆದ್ದ ಅಂತಲೇ ಇಟ್ಟುಕೊಳ್ಳಿ. ಆದರೆ ಹುಡುಗ ಯಾವ ತಂಡಕ್ಕೆ ಹೋಗುತ್ತಾನೆ, ಅಲ್ಲಿ ಕಲಿಸುವವರು ಯಾರು ಅನ್ನುವುದನ್ನು ಬಿಟ್ಟು ಲೆಕ್ಕ ಹಾಕಬೇಡಿ.

ಭಾನುವಾರ ಬೆಳಗಿನ ಜಾವ ಒಂದು ಕಾಲೇಜ್ ಮ್ಯಾಚ್ ಹಿಡಿಯಿರಿ. ಥರ್ಡ್ ಡೌನ್ ಮಾತ್ರ ನೋಡಿ, ಪ್ರತಿ ಸಲ ಎಷ್ಟನೇ ರಿಸೀವರ್‌ಗೆ ಎಸೆದ ಅಂತ ಬರೆದಿಡಿ. ಅಣ್ಣನಿಗೂ ಅದೇ ಮ್ಯಾಚ್ ಹೇಳಿ. ಇಬ್ಬರ ಚೀಟಿ ಹೋಲಿಸಿಕೊಂಡ ಮೇಲೆ ಜಗಳ ಮುಂದುವರಿಸಿ.