ಕೆಂಪು ಲೈಟು ಹತ್ತೈತೆ, ಮಷೀನ್ ಓಡ್ತೈತೆ

ಪ್ರಶ್ನೆ: ಸಾರ್, ನಮ್ದು ಚಳ್ಳಕೆರೇಲಿ ಶೇಂಗಾ ಎಣ್ಣೆ ಪ್ಯಾಕಿಂಗ್. ಒಂದ್ ಲೀಟರ್ ಪೌಚ್ ಮಷೀನು ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದು, ಮಾಡಿಕೊಟ್ಟ ಪಾರ್ಟಿ ಅಂಗಡಿ ಮುಚ್ಚಿ ಬಹಳ ದಿನ ಆತು. ಒಳಗೆ ಮಿತ್ಸುಬಿಷಿ ಎಫ್‌ಎಕ್ಸ್2ಎನ್ ಪಿಎಲ್‌ಸಿ (ಮಷೀನ್ ನಡೆಸೋ ಚಿಕ್ಕ ಕಂಪ್ಯೂಟರ್) ಐತೆ, ಅದ್ರಲ್ಲಿ ಬ್ಯಾಟರಿ ಲೈಟು ಹದಿನೈದು ದಿನದಿಂದ ಕೆಂಪಗೆ ಹತ್ಕೊಂಡೈತೆ. ನಮ್ ಎಲೆಕ್ಟ್ರಿಶಿಯನ್ ಓಡೋ ಮಷೀನಿಗೆ ಕೈ ಹಾಕ್ಬೇಡಿ ಅಂತಾನೆ, ಬೆಂಗ್ಳೂರು ಡೀಲರ್ ಹೊಸ ಮಷೀನೇ ತಗೊಳ್ಳಿ ಅಂತಾನೆ. ಮಧ್ಯಾಹ್ನ ಆದ್ರೆ ಫಿಲಂ ಬೇರೆ ಮಾರ್ಕ್ ತಪ್ಪಿ ಕಟ್ ಆಗ್ತೈತೆ. ಏನ್ ಮಾಡ್ಲಿ?
(ಹೆಸರು ಬೇಡ, ಚಳ್ಳಕೆರೆ)

ಉತ್ತರ: ಇಬ್ರ ಮಾತೂ ಕೇಳ್ಬೇಡ್ರಿ. ಆ ಪಿಎಲ್‌ಸಿಲಿ ಪ್ರೋಗ್ರಾಂ ರ‍್ಯಾಮ್ ಮೆಮೊರೀಲಿ ಕೂತಿರ್ತೈತೆ, ಕರೆಂಟ್ ಹೋದಾಗ ಅದನ್ನ ಹಿಡ್ಕೊಂಡಿರೋದು ಹೆಬ್ಬೆಟ್ಟಿನಷ್ಟು ಒಂದು ಲಿಥಿಯಂ ಬ್ಯಾಟರಿ. ಲೈಟು ಹತ್ತಿದ ಮೇಲೆ ಒಂದು ತಿಂಗಳೊಳಗೆ ಬ್ಯಾಟರಿ ಬದಲಾಯಿಸಿ ಅಂತಾನೆ ಕಂಪನಿಯವ್ರೂ ಹೇಳೋದು, ನಿಮ್ದು ಆಗ್ಲೇ ಅರ್ಧ ಮುಗಿದೈತೆ. ಕರೆಂಟ್ ಇರೋತನಕ ಮಷೀನ್ ಚೆನ್ನಾಗೇ ಓಡ್ತೈತೆ, ಅದಕ್ಕೇ ನಿಮ್ ಎಲೆಕ್ಟ್ರಿಶಿಯನ್‌ಗೆ ಧೈರ್ಯ, ಆದ್ರೆ ಒಂದ್ ಭಾನುವಾರ ಮೇನ್ ಆಫ್ ಮಾಡಿ ಸೋಮವಾರ ಬಂದ್ರೆ ಪಿಎಲ್‌ಸಿ ಖಾಲಿ ಡಬ್ಬಿ, ಮಾಡಿಕೊಟ್ಟವ್ನೂ ಇಲ್ಲ, ಆಗ ಪ್ರೋಗ್ರಾಂ ಮೊದಲಿಂದ ಬರೆಸ್ಬೇಕು.

ಹಂಗಾಗಿ ಮೊದ್ಲು ಬ್ಯಾಟರಿ ಅಲ್ಲ, ಮೊದ್ಲು ಬ್ಯಾಕಪ್. ದಾವಣಗೇರೇಲೋ ಚಿತ್ರದುರ್ಗದಲ್ಲೋ ಪಿಎಲ್‌ಸಿ ಕೆಲ್ಸ ಮಾಡೋ ಹುಡುಗರು ಸಿಕ್ತಾರೆ, ಲ್ಯಾಪ್‌ಟಾಪಲ್ಲಿ ಜಿಎಕ್ಸ್ ಡೆವಲಪರ್ ಇಲ್ಲಾ ಜಿಎಕ್ಸ್ ವರ್ಕ್ಸ್2 ಅನ್ನೋ ಪಿಎಲ್‌ಸಿ ಸಾಫ್ಟ್‌ವೇರ್ ಇರ್ಬೇಕು, ಜೊತೆಗೆ ಎಸ್‌ಸಿ-09 ಕೇಬಲ್ (ಪಿಎಲ್‌ಸಿ ಮುಂದಿನ ದುಂಡನೆ ಪೋರ್ಟಿಗೆ ಹೋಗೋದು) ತರೋಕೆ ಹೇಳ್ರಿ. ಪ್ರೋಗ್ರಾಂ, ಪ್ಯಾರಾಮೀಟರ್, ಡಿ ರಿಜಿಸ್ಟರ್ ಬೆಲೆಗಳು ಮೂರೂ ಎಳ್ಕೊಂಡು ಎರಡು ಪೆನ್‌ಡ್ರೈವಿಗೆ ಹಾಕಿಸ್ರಿ, ಒಂದು ಮನೇಲಿರ್ಲಿ. ಫಿಲ್ಲಿಂಗ್ ಟೈಮು, ಸೀಲಿಂಗ್ ಟೈಮು ಇವೆಲ್ಲ ಇರೋದು ಆ ಡಿ ರಿಜಿಸ್ಟರಲ್ಲೇ, ಅದನ್ನ ಮರ‍್ತು ಬರೀ ಪ್ರೋಗ್ರಾಂ ತಗೊಂಡು ಹೋದವ್ರು ಆಮೇಲೆ ಒಂದ್ ಲೀಟರಿನ 910 ಗ್ರಾಂ ತೂಕ ಕೂರಿಸೋಕೆ ಇಡೀ ದಿನ ಎಣ್ಣೆ ಚೆಲ್ಲಿದ್ದು ನೋಡೀನಿ. ಪಾಸ್‌ವರ್ಡ್ ಕೇಳಿದ್ರೆ ಊಹೆ ಮಾಡ್ತಾ ಕೂರ್ಬೇಡ್ರಿ, ಪ್ಯಾನಲ್ ಬಾಗಿಲ ಒಳಗಡೆ ಪೆನ್ನಲ್ಲಿ ಗೀಚಿರ್ತಾರೆ ನೋಡ್ರಿ, ನಗ್ಬೇಡಿ, ಸಿಕ್ಕೈತೆ.

ಆಮೇಲೆ ಬ್ಯಾಟರಿ. ಎಫ್2-40ಬಿಎಲ್ ಅಂತ ಕೇಳ್ರಿ, 3.6 ವೋಲ್ಟಿಂದು, ತಯಾರಾದ ತಾರೀಖು ನೋಡಿ ತಗೊಳ್ರಿ, ಅಂಗಡೀಲಿ ವರ್ಷಗಟ್ಲೆ ಕೂತಿದ್ದು ಬೇಡ. ಪವರ್ ಆಫ್ ಮಾಡಿ ಹಳೇದು ಕಿತ್ತು 20 ಸೆಕೆಂಡೊಳಗೆ ಹೊಸದು ಚುಚ್ಬೇಕು. ಆಯುಧ ಪೂಜೆಗೆ ಎಲ್ರೂ ಪ್ಯಾನಲ್‌ಗೆ ಕುಂಕುಮ ಹಚ್ತಾರೆ (ಬಾಗಿಲಿಗೆ ಹಚ್ರಿ, ಒಳಗೆ ಉದುರಿಸ್ಬೇಡ್ರಿ), ಅವತ್ತೇ ಬ್ಯಾಟರಿ ಹಾಕಿದ ವರ್ಷ ಒಂದು ಸ್ಟಿಕ್ಕರ್ ಮೇಲೆ ಬರೆದು ಅಂಟಿಸಿಬಿಡ್ರಿ, ಐದು ವರ್ಷಕ್ಕೊಂದ್ಸಲ ಬದಲಾಯಿಸಿದ್ರೆ ಸಾಕು.

ಮಧ್ಯಾಹ್ನದ ಕಟಿಂಗ್ ಸಮಸ್ಯೆಗೆ ಮೊದ್ಲು ಖರ್ಚಿಲ್ಲದ್ದು ನೋಡ್ರಿ. ಮಾರ್ಕ್ ಸೆನ್ಸರ್ (ಫಿಲಂ ಮೇಲಿನ ಕಟಿಂಗ್ ಗುರುತು ನೋಡೋದು) ಲೆನ್ಸಿಗೆ ಎಣ್ಣೆ ಹಬೆ ಕೂತಿರ್ತೈತೆ, ಫಿಲಂ ಎಳೆಯೋ ರಬ್ಬರ್ ರೋಲರ್‌ಗೂ ಅಷ್ಟೆ, ಒರೆಸ್ರಿ. ಹೋಗ್ಲಿಲ್ಲ ಅಂದ್ರೆ ಬಿಸ್ಲು ಏರಿದಾಗ 24 ವೋಲ್ಟ್ ಎಸ್‌ಎಂಪಿಎಸ್‌ಗೆ (ಪವರ್ ಸಪ್ಲೈ ಡಬ್ಬಿ) ಮೀಟರ್ ಇಡ್ರಿ, ಬೆಳಿಗ್ಗೆ 24 ಇದ್ದದ್ದು ಆಗ 21ಕ್ಕೆ ಇಳಿದ್ರೆ ಒಳಗಿನ ಕೆಪಾಸಿಟರ್ ಒಣಗಿರ್ಬಹುದು, ಎಸ್‌ಎಂಪಿಎಸ್ ಬದಲಾಯಿಸ್ರಿ. ಹಾಗೇ ಪ್ಯಾನಲ್ ಫ್ಯಾನ್ ಜಾಲರಿ ತೊಳೀರಿ.

ಹೊಸ ಮಷೀನ್? ಕಬ್ಬಿಣ ಗಟ್ಟಿ ಇದ್ರೆ ಬೇಡ. ಎಫ್‌ಎಕ್ಸ್2ಎನ್ ತಯಾರಿಕೆ 2012ರಲ್ಲೇ ನಿಲ್ಲಿಸಿದಾರೆ, ಈಗ ಸಿಗೋದು ಹಳೇದನ್ನ ಒರೆಸಿ ಮಾರೋದೇ ಜಾಸ್ತಿ. ಹಂಗಾಗಿ ಶೇಂಗಾ ಸೀಸನ್ ಶುರುವಾಗೋ ಮುಂಚೆ, ಕೈಲಿ ಬ್ಯಾಕಪ್ ಇಟ್ಕೊಂಡು, ಪಿಎಲ್‌ಸಿ ಮಾತ್ರ ಮಿತ್ಸುಬಿಷಿದೇ ಹೊಸ ಮಾಡೆಲ್ ಎಫ್‌ಎಕ್ಸ್5ಯುಗೆ ಬದಲಾಯಿಸಿಕೊಳ್ರಿ. ಆರ್ಡರ್ ಕೊಡೋವಾಗ ಹಳೇದರ ಮೇಲೆ ಎಂಆರ್ ಐತೋ ಎಂಟಿ ಐತೋ ನೋಡ್ರಿ, ಎಂಆರ್ ಅಂದ್ರೆ ರಿಲೇ ಔಟ್‌ಪುಟ್, ಎಂಟಿ ಅಂದ್ರೆ ಟ್ರಾನ್ಸಿಸ್ಟರ್. ಫಿಲಂ ಎಳೆಯೋ ಸ್ಟೆಪ್ಪರ್ ಮೋಟರ್‌ಗೆ ಪಲ್ಸ್ ಕೊಡ್ತಿರೋ ಕಡೆ ರಿಲೇದು ತಂದ್ರೆ ಫಿಲಂ ಎಳೆಯೋದೇ ಇಲ್ಲ. ವೈರ್ ಬಿಚ್ಚೋ ಮುಂಚೆ ಮೊಬೈಲಲ್ಲಿ ಒಂದೊಂದು ಟರ್ಮಿನಲ್ ಫೋಟೋ. ಹಳೇ ಪಿಎಲ್‌ಸಿ ಗುಜರಿಗೆ ಹಾಕ್ಬೇಡಿ, ಒಂದ್ ಸೀಸನ್ ಕಪಾಟಲ್ಲಿರ್ಲಿ.

ಪ್ರಶ್ನೆ: ಮಂಡಕ್ಕಿ ಪ್ಯಾಕಿಂಗ್ ಮಷೀನಿಗೆ ಹೊಸ ಟೆಂಪರೇಚರ್ ಕಂಟ್ರೋಲರ್ ಹಾಕಿದ್ಮೇಲೆ ಸೀಲ್ ಬಿಟ್ಕೊಳ್ತೈತೆ, ಡಿಸ್‌ಪ್ಲೇಲಿ ಮಾತ್ರ ಸರಿಯಾಗಿ 150 ತೋರಿಸ್ತೈತೆ.
(ದಾವಣಗೆರೆ)

ಉತ್ತರ: ಥರ್ಮೋಕಪಲ್ (ಬಿಸಿ ಅಳೆಯೋ ಸೆನ್ಸರ್) ಜೆ ಟೈಪ್ ಇದ್ದು ಕಂಟ್ರೋಲರ್‌ನ ಕೆ ಟೈಪಿಗೆ ಸೆಟ್ ಮಾಡಿದಾರೆ ಅನ್ಸತ್ತೆ. ಹಂಗಾದ್ರೆ 150 ತೋರಿಸಿದ್ರೂ ಸೀಲ್ ಹಾಕೋ ಬಿಸಿ ದವಡೆ (ಜಾ) ನಿಜವಾಗಿ 120ರ ಆಸುಪಾಸಲ್ಲಿರ್ತೈತೆ. ಟೈಪ್ ಸರಿ ಮಾಡೋಕೆ ಮುಂಚೆ ಸೆಟ್ಟಿಂಗ್ ಏರಿಸಿ ಇಟ್ಕೊಂಡಿದ್ರೆ ಮೊದ್ಲು ಇಳಿಸ್ರಿ, ಇಲ್ಲಾಂದ್ರೆ ಫಿಲಂ ಕರಗಿ ದವಡೆಗೆ ಅಂಟ್ಕೊಳ್ತೈತೆ.